ಬೀದರ್ ಜಿಲ್ಲೆ: ಕೆಂಪು ಕಲ್ಲು, ಸುರಂಗದ ನೀರು ಮತ್ತು ವಾಟ್ಸಾಪ್‌ನಲ್ಲಿ ತಿರುಗುವ ಚರಿತ್ರೆ

ಬೀದರ್ ಬಗ್ಗೆ ನಮ್ಮ ಮೊಬೈಲ್‌ಗಳಿಗೆ ಬರುವ ಫಾರ್ವರ್ಡ್‌ಗಳು ಹೆಚ್ಚು ಕಡಿಮೆ ನಾಲ್ಕೈದು ಬಗೆಯವು. ಒಂದರ ಪ್ರಕಾರ ಇದು ಮಹಾಭಾರತದ ವಿದುರನ ಊರು. ಇನ್ನೊಂದರಲ್ಲಿ ಕೋಟೆಯಿಂದ ಗೋಲ್ಕೊಂಡದವರೆಗೆ ರಹಸ್ಯ ಸುರಂಗವಿದೆ. ಮತ್ತೊಂದು ವಿಡಿಯೊದಲ್ಲಿ ಗುಹೆಯೊಳಗೆ ಎದೆಮಟ್ಟದ ನೀರು, ಹಿನ್ನೆಲೆಯಲ್ಲಿ ‘ಈ ನೀರು ಎಲ್ಲಿಂದ ಬರುತ್ತದೆ ಎಂದು ವಿಜ್ಞಾನಿಗಳಿಗೂ ಗೊತ್ತಿಲ್ಲ’ ಎನ್ನುವ ದನಿ. ಸೆಪ್ಟೆಂಬರ್ ಬಂತೆಂದರೆ ರಜಾಕಾರರ ಸಂದೇಶಗಳು ಶುರು. ಗಡಿ ವಿವಾದ ಬಿಸಿಯಾದಾಗಲೆಲ್ಲ ‘ಬೀದರ್ ನಿಜಕ್ಕೂ ಯಾರದು’ ಎನ್ನುವ ನಕಾಶೆಗಳು.

ಇವುಗಳಲ್ಲಿ ಕೆಲವು ಪೂರ್ತಿ ಸುಳ್ಳು. ಕೆಲವು ಅರ್ಧ ಸತ್ಯ. ನಮಗೆ ಹೆಚ್ಚು ಕೆಲಸ ಕೊಟ್ಟದ್ದು ಎರಡನೆಯ ಬಗೆಯವು. ಒಂದೊಂದನ್ನೇ ಹಿಡಿದು ‘ಸತ್ಯ’, ‘ಸುಳ್ಳು’ ಎಂದು ಮೊಹರು ಹೊಡೆಯುವ ಬದಲು ನಾವು ಇಲ್ಲಿ ಜಿಲ್ಲೆಯ ನೆಲದಿಂದ ಶುರು ಮಾಡುತ್ತೇವೆ. ಬೀದರ್‌ನ ಅರ್ಧ ಕಥೆ ಅದರ ಕಲ್ಲಿನಲ್ಲೇ ಇದೆ.

ಎಲ್ಲಿದೆ, ಹೇಗಿದೆ

ಕರ್ನಾಟಕದ ನಕಾಶೆಯಲ್ಲಿ ತೀರಾ ಮೇಲೆ, ತಲೆಯ ಮೇಲಿನ ರುಮಾಲಿನ ಹಾಗೆ ಕೂತಿರುವ ಜಿಲ್ಲೆ ಬೀದರ್. ಅದಕ್ಕೇ ‘ಕರ್ನಾಟಕದ ಕಿರೀಟ’ ಎಂಬ ಹೆಸರು. ವಿಸ್ತೀರ್ಣ 5,448 ಚದರ ಕಿಲೋಮೀಟರ್. 2011ರ ಜನಗಣತಿಯಲ್ಲಿ ಜನಸಂಖ್ಯೆ 17 ಲಕ್ಷದಷ್ಟಿತ್ತು. ಬಹುಕಾಲ ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್, ಬಸವಕಲ್ಯಾಣ ಎಂಬ ಐದೇ ತಾಲ್ಲೂಕುಗಳಿದ್ದವು. ಈಗ ಚಿಟಗುಪ್ಪ, ಹುಲಸೂರ, ಕಮಲನಗರ ಸೇರಿ ಎಂಟಾಗಿವೆ. ಪೂರ್ವಕ್ಕೆ ತೆಲಂಗಾಣ, ಉತ್ತರ ಮತ್ತು ಪಶ್ಚಿಮಕ್ಕೆ ಮಹಾರಾಷ್ಟ್ರ. ದಕ್ಷಿಣಕ್ಕೆ ಕಲಬುರಗಿ, ಅಂದರೆ ಸ್ವಂತ ರಾಜ್ಯಕ್ಕೆ ಅಂಟಿಕೊಂಡಿರುವುದು ಆ ಒಂದು ಬದಿಯಿಂದ ಮಾತ್ರ. ಬೀದರ್ ನಗರದಿಂದ ಬೆಂಗಳೂರು ಸುಮಾರು 700 ಕಿಲೋಮೀಟರ್. ಹೈದರಾಬಾದ್ ಅದರ ಐದನೇ ಒಂದು ಪಾಲಿನಷ್ಟು ದೂರ.

ರಾಜ್ಯದ ತೀರಾ ಉತ್ತರದ ತುದಿ ಔರಾದ್ ತಾಲ್ಲೂಕಿನಲ್ಲಿದೆ. ಔರಾದ್ ಮತ್ತು ಭಾಲ್ಕಿಯ ಹೊಲಗಳಲ್ಲಿ ಹೆಚ್ಚಾಗಿ ಕಾಣುವುದು ಕಪ್ಪು ಎರೆ ಮಣ್ಣು: ಮಳೆ ಬಿದ್ದರೆ ಉಬ್ಬಿ ಕಾಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಹೆಸರು, ಉದ್ದು, ತೊಗರಿ, ಸೋಯಾ, ಜೋಳ, ಕಡಲೆ ಇಲ್ಲಿನ ಬೆಳೆಗಳು; ನೀರಿರುವಲ್ಲಿ ಕಬ್ಬು. ಬೀದರ್, ಹುಮನಾಬಾದ್ ಕಡೆಯ ಎತ್ತರದ ಬಯಲಿಗೆ ಬಂದರೆ ಮಣ್ಣಿನ ಬಣ್ಣ ಇದ್ದಕ್ಕಿದ್ದಂತೆ ಕೆಂಪಾಗುತ್ತದೆ. ಬಸ್ಸಿನ ಕಿಟಕಿಯಿಂದಲೇ ಈ ಬದಲಾವಣೆ ನೋಡಬಹುದು.

ಜಿಲ್ಲೆಯ ಮುಖ್ಯ ನದಿ ಮಾಂಜ್ರಾ. ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಬಾಲಾಘಾಟ್ ಬೆಟ್ಟಸಾಲಿನಲ್ಲಿ ಹುಟ್ಟಿ, ಬೀದರ್ ದಾಟಿ, ತೆಲಂಗಾಣದಲ್ಲಿ ಗೋದಾವರಿ ಸೇರುತ್ತದೆ. ಭಾಲ್ಕಿ ತಾಲ್ಲೂಕಿನಲ್ಲಿ ಅಣೆಕಟ್ಟು ಇರುವ ಕಾರಂಜಾ ಇದರ ಉಪನದಿ. ನಾವು ಕನ್ನಡಿಗರು ಕೃಷ್ಣೆ, ಕಾವೇರಿ ಎಂದೇ ಮಾತಾಡುತ್ತೇವೆ. ರಾಜ್ಯದೊಳಗೆ ಗೋದಾವರಿಗೆ ಹರಿಯುವ ನೀರೂ ಇದೆ ಎಂಬುದು ಬೀದರ್‌ನವರಿಗೆ ಬಿಟ್ಟು ಉಳಿದವರಿಗೆ ನೆನಪಾಗುವುದು ಕಡಿಮೆ.

ಚಳಿಗಾಲದಲ್ಲಿ ‘ರಾಜ್ಯದಲ್ಲೇ ಅತಿ ಕಡಿಮೆ ಉಷ್ಣಾಂಶ ಬೀದರ್‌ನಲ್ಲಿ’ ಎಂಬ ಸುದ್ದಿ ಬಂದಾಗ ಕೆಲವರು ಅದನ್ನೂ ಸುಳ್ಳು ಸುದ್ದಿ ಅಂದುಕೊಳ್ಳುತ್ತಾರೆ. ಬಿಸಿಲಿನ ನಾಡಿನಲ್ಲಿ ಚಳಿ ಎಲ್ಲಿಂದ? ಅದು ಸುಳ್ಳಲ್ಲ. ಊರು ಸಮುದ್ರ ಮಟ್ಟದಿಂದ 600 ಮೀಟರಿಗೂ ಎತ್ತರದಲ್ಲಿದೆ, ಕಡಲು ದೂರ, ಗಾಳಿ ಒಣ. ಡಿಸೆಂಬರ್, ಜನವರಿಯಲ್ಲಿ ಮೋಡವಿಲ್ಲದ ರಾತ್ರಿ ನೆಲದ ಬಿಸಿ ನೇರ ಆಕಾಶಕ್ಕೆ ಹೋಗಿಬಿಡುತ್ತದೆ. ಉತ್ತರದಿಂದ ಬರುವ ತಣ್ಣನೆ ಗಾಳಿ ಮೊದಲು ತಟ್ಟುವುದೂ ಈ ತುದಿಗೇ.

ಕೆಂಪು ಕಲ್ಲಿನ ಕೆಳಗೆ

ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ ಮೇಲೆ ಲಾವಾ ಪದರ ಪದರವಾಗಿ ಹರಿದು ಗಟ್ಟಿಯಾಯಿತು. ಆ ಕಪ್ಪು ಕಲ್ಲು ಬಸಾಲ್ಟ್. ಆಮೇಲೆ ಲಕ್ಷಾಂತರ ವರ್ಷ ಬಿಸಿಲು, ಮಳೆ ತಿಂದು ಮೇಲಿನ ಬಸಾಲ್ಟ್ ಕೊಳೆಯಿತು. ಅದರೊಳಗಿನ ಸಿಲಿಕಾ, ಕ್ಯಾಲ್ಸಿಯಂ, ಮೆಗ್ನೀಸಿಯಂ ನೀರಿನ ಜೊತೆ ತೊಳೆದುಹೋದವು. ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದವು. ಉಳಿದ ಕಬ್ಬಿಣ ತುಕ್ಕಿನ ಬಣ್ಣಕ್ಕೆ ತಿರುಗಿದ್ದೇ ಈ ಕೆಂಪು. ಇದನ್ನೇ ಜಂಬಿಟ್ಟಿಗೆ ಎನ್ನುತ್ತೇವೆ. ಕರಾವಳಿಯವರಿಗೆ ಇದು ಮುರಕಲ್ಲು. ಬೀದರ್‌ನಲ್ಲಿ ಈ ಪದರ ಹತ್ತಾರು ಮೀಟರ್ ದಪ್ಪ ಇದೆ.

ಜಂಬಿಟ್ಟಿಗೆಗೆ ಎರಡು ಗುಣ. ನೆಲದಲ್ಲಿದ್ದಾಗ ಸುಲಭವಾಗಿ ಕಡಿಯಬಹುದು, ಗಾಳಿಗೆ ಬಂದರೆ ಗಟ್ಟಿಯಾಗುತ್ತದೆ. ಜೊತೆಗೆ ಅದರ ಮೈತುಂಬ ತೂತು, ಸ್ಪಂಜಿನ ಹಾಗೆ ಮಳೆ ನೀರನ್ನು ಕುಡಿಯುತ್ತದೆ. ಅದರ ಕೆಳಗಿರುವುದು ಜಿಗುಟು ಜೇಡಿ, ಅದಕ್ಕೂ ಕೆಳಗೆ ಗಟ್ಟಿ ಬಸಾಲ್ಟ್. ಅಲ್ಲಿ ನೀರು ಸುಲಭಕ್ಕೆ ಇಳಿಯುವುದಿಲ್ಲ. ಇಳಿಯಲಾಗದ ನೀರು ಅಡ್ಡಡ್ಡ ಹರಿಯುತ್ತದೆ. ಬಯಲು ಮುಗಿದು ಕಣಿವೆ ಶುರುವಾಗುವ ಅಂಚಿನಲ್ಲಿ ಝರಿಯಾಗಿ ಹೊರಗೆ ಬರುತ್ತದೆ.

ಈಗ ಆ ಗುಹೆಯ ವಿಡಿಯೊಗೆ ಬರೋಣ. ನರಸಿಂಹ ಝರಣಿ ಇರುವುದು ಇಂಥ ಅಂಚಿನಲ್ಲೇ. ಸುಮಾರು 300 ಮೀಟರ್ ಉದ್ದದ ಸುರಂಗದಲ್ಲಿ ನಡುಮಟ್ಟ, ಎದೆಮಟ್ಟದ ನೀರಿನಲ್ಲಿ ಭಕ್ತರು ನಡೆದು ಹೋಗುತ್ತಾರೆ. ನಗರದ ಗುರುದ್ವಾರ ನಾನಕ್ ಝಿರಾದ ಸಿಹಿನೀರಿನ ಬುಗ್ಗೆಯೂ ಹಾಗೇ ಕೆಂಪು ಕಲ್ಲಿನ ಬುಡದಲ್ಲಿದೆ. ಝರಣಿ, ಝಿರಾ ಎರಡೂ ಝರಿ ಎನ್ನುವ ಮಾತೇ. ಗುರುನಾನಕರು ಈ ಊರಿಗೆ ಬಂದಾಗ ನೀರು ಚಿಮ್ಮಿತು ಎಂಬ ನಂಬಿಕೆ ಸಿಖ್ಖರದು. ಅದನ್ನು ತೂಗಿ ನೋಡುವ ಕೆಲಸ ನಮ್ಮದಲ್ಲ. ಆದರೆ ‘ವಿಜ್ಞಾನಿಗಳಿಗೂ ಗೊತ್ತಿಲ್ಲ’ ಎನ್ನುವುದು ಮಾತ್ರ ತಪ್ಪು. ಗೊತ್ತಿದೆ. ಮೇಲಿನ ಬಯಲಿನಲ್ಲಿ ಬಿದ್ದ ಮಳೆಯೇ ಅದು, ತಡವಾಗಿ ಬರುತ್ತದೆ ಅಷ್ಟೆ.

ಇಷ್ಟೊಂದು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನೀರು ಪವಾಡದ್ದು ಎಂದುಕೊಂಡರೆ ಅದನ್ನು ಕಾಯುವ ಅಗತ್ಯ ಯಾರಿಗೂ ಕಾಣುವುದಿಲ್ಲ. ಮಳೆ ನೀರು ಇಂಗುವ ಬಯಲಿಗೆ ಕಾಂಕ್ರೀಟ್ ಹೊದಿಸಿದರೆ, ಕೆಂಪು ಕಲ್ಲನ್ನು ಗಣಿಗಳಲ್ಲಿ ಕೊರೆದು ಸಾಗಿಸಿದರೆ, ಸ್ಪಂಜನ್ನೇ ಕತ್ತರಿಸಿ ಒಯ್ದಂತೆ. ಪಕ್ಕದಲ್ಲಿ ಕೊಳವೆಬಾವಿ ಕೊರೆದರೆ ಮೇಲೆ ನಿಂತ ನೀರೂ ಆ ತೂತಿನಲ್ಲಿ ಕೆಳಗಿನ ಬಿರುಕುಗಳಿಗೆ ಇಳಿದುಹೋಗಬಹುದು. ಆಗ ಬತ್ತುವುದು ಗುಡಿಯ ನೀರೂ ಹೌದು, ಗುರುದ್ವಾರದ ನೀರೂ ಹೌದು.

ರಹಸ್ಯ ಸುರಂಗ ಯಾವುದು?

ಬೀದರ್ ನೆಲದಡಿಯಲ್ಲಿ ಸುರಂಗಗಳಿವೆ ಎಂಬುದು ನಿಜ. ಆದರೆ ಅವು ರಾಜರು ತಪ್ಪಿಸಿಕೊಳ್ಳುವ ದಾರಿಗಳಲ್ಲ, ನೀರಿನ ದಾರಿಗಳು. ಹೆಸರು ಕರೇಜ್, ಸ್ಥಳೀಯರ ಬಾಯಲ್ಲಿ ಸುರಂಗ ಬಾವಿ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನರ ಕಾಲಕ್ಕೆ ಇರಾನಿನಿಂದ ಬಂದ ತಂತ್ರಜ್ಞಾನ ಇದು. ಇರಾನಿನಲ್ಲಿ ಇದಕ್ಕೆ ಕನಾತ್ ಎನ್ನುತ್ತಾರೆ. ಅಲ್ಲಿನ ಕನಾತ್‌ಗಳನ್ನು 2016ರಲ್ಲಿ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದೆ.

ಕೆಲಸ ಮಾಡುವ ಬಗೆ ಸರಳ. ಎತ್ತರದ ಜಾಗದಲ್ಲಿ ನೀರು ಸಿಗುವ ತನಕ ಒಂದು ತಾಯಿ ಬಾವಿ ತೋಡುತ್ತಾರೆ. ಅಲ್ಲಿಂದ ಊರಿನ ಕಡೆಗೆ ಬಹಳ ಸಣ್ಣ ಇಳಿಜಾರಿನಲ್ಲಿ ನೆಲದೊಳಗೇ ಕಾಲುವೆ ಕೊರೆಯುತ್ತಾರೆ. ನಡುನಡುವೆ ನೇರ ಕೆಳಗಿಳಿಯುವ ಗಾಳಿ ಬಾವಿಗಳು: ಅಗೆದ ಮಣ್ಣು ಮೇಲೆತ್ತಲು, ಒಳಗಿದ್ದವರಿಗೆ ಉಸಿರಾಡಲು, ಆಮೇಲೆ ಹೂಳು ತೆಗೆಯಲು. ಪಂಪ್ ಬೇಡ, ಕರೆಂಟ್ ಬೇಡ. ನೆಲದಡಿ ಹರಿಯುವುದರಿಂದ ಬಿಸಿಲಿಗೆ ಆವಿಯಾಗುವುದೂ ಕಡಿಮೆ. ನಗರದ ಅಂಚಿನ ನೌಬಾದ್ ಕರೇಜ್ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ, ಅದಕ್ಕೆ 21 ಗಾಳಿ ಬಾವಿಗಳು. ಶುಕ್ಲತೀರ್ಥ, ಜಮ್ನಾ ಮೋರಿ ಎಂಬ ಬೇರೆ ಜಾಲಗಳೂ ಇವೆ. ಕಾಸರಗೋಡು, ದಕ್ಷಿಣ ಕನ್ನಡದ ಅಡಿಕೆ ತೋಟಗಳ ಸುರಂಗ ನೋಡಿದವರಿಗೆ ಇದು ಅರ್ಥವಾಗುವುದು ಸುಲಭ. ಅಲ್ಲೂ ಅದೇ ಕೆಂಪು ಕಲ್ಲು, ಅದೇ ಉಪಾಯ. ಆದರೆ ಅವು ಗುಡ್ಡಕ್ಕೆ ಅಡ್ಡ ಕೊರೆದ ಮನೆಮಟ್ಟದ ಸುರಂಗಗಳು, ಇಲ್ಲಿನದು ಊರಿಗೇ ನೀರು ಕೊಡುವಷ್ಟು ದೊಡ್ಡದು.

ಗೋಲ್ಕೊಂಡದ ಸುರಂಗ? ನೂರು ಕಿಲೋಮೀಟರಿಗೂ ಹೆಚ್ಚು ಉದ್ದದ ಸುರಂಗದಲ್ಲಿ ಗಾಳಿಗೇ ಸಾವಿರಾರು ಬಾವಿ ಬೇಕು. ಅಷ್ಟು ಬಾವಿ ಇದ್ದರೆ ರಹಸ್ಯ ಎಲ್ಲಿ ಉಳಿಯಿತು?

ಹಲವು ದಶಕ ಈ ಗಾಳಿ ಬಾವಿಗಳು ಕಸದ ಗುಂಡಿಗಳಾಗಿದ್ದವು. 2010ರ ದಶಕದ ಮಧ್ಯದಲ್ಲಿ ನೌಬಾದ್‌ನಲ್ಲಿ ಹೂಳು ತೆಗೆಯುವ ಕೆಲಸ ನಡೆದಾಗ ಒಳಗೆ ಮತ್ತೆ ನೀರು ಕಂಡಿತು.

ವಿದುರ, ವಿದರ್ಭ, ಬಿದಿರು

ಊರಿನ ಹೆಸರಿಗೆ ಬಿದಿರು ಮೂಲ ಎನ್ನುವುದು ಕನ್ನಡದಲ್ಲಿ ಹೆಚ್ಚು ಒಪ್ಪಿತವಾದ ವಿವರಣೆ. ವಿದುರನ ಹಸ್ತಿನಾಪುರ ಎಂದು ಗುರುತಿಸುವ ಜಾಗ ಉತ್ತರ ಪ್ರದೇಶದ ಮೀರಠ್ ಜಿಲ್ಲೆಯಲ್ಲಿದೆ. ಇನ್ನು ‘ಬೀದರ್ ಎಂದರೆ ವಿದರ್ಭ, ದಮಯಂತಿಯ ತವರು’ ಎನ್ನುವುದಕ್ಕೆ ಉತ್ತರ ಸುಲಭ: ವಿದರ್ಭ ಇವತ್ತಿಗೂ ಅದೇ ಹೆಸರಿನಿಂದ ಮಹಾರಾಷ್ಟ್ರದ ಪೂರ್ವದಲ್ಲಿ, ನಾಗಪುರ, ಅಮರಾವತಿ ಕಡೆ ಇದೆ. ತಮಾಷೆ ಎಂದರೆ ಈ ನಳ ದಮಯಂತಿ ಕಥೆಯನ್ನು ಬೀದರ್‌ಗೆ ಅಂಟಿಸಿ ಬರೆದವರಲ್ಲಿ ಸುಮಾರು 400 ವರ್ಷ ಹಿಂದಿನ ಪರ್ಷಿಯನ್ ಇತಿಹಾಸಕಾರ ಫರಿಷ್ತಾ ಒಬ್ಬ. ಫಾರ್ವರ್ಡ್ ಮಾಡುವ ಅಭ್ಯಾಸ ಮೊಬೈಲಿಗಿಂತ ಹಳೆಯದು.

ಆಧಾರ ಸಿಗುವ ಚರಿತ್ರೆಯೇ ಸಾಕಷ್ಟು ದೊಡ್ಡದಿದೆ. 11ನೇ ಶತಮಾನದಲ್ಲಿ ಚಾಲುಕ್ಯ ಒಂದನೇ ಸೋಮೇಶ್ವರ ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ, ಅಂದರೆ ಇಂದಿನ ಬಸವಕಲ್ಯಾಣಕ್ಕೆ ತಂದ. ಆರನೇ ವಿಕ್ರಮಾದಿತ್ಯನ ಆಶ್ರಯದಲ್ಲಿದ್ದ ವಿಜ್ಞಾನೇಶ್ವರ ಬರೆದ ‘ಮಿತಾಕ್ಷರ’ದ ಪ್ರಕಾರವೇ ಬಂಗಾಳ ಬಿಟ್ಟು ಭಾರತದ ಹೆಚ್ಚಿನ ಭಾಗದಲ್ಲಿ 20ನೇ ಶತಮಾನದವರೆಗೂ ಹಿಂದೂ ಕುಟುಂಬಗಳ ಆಸ್ತಿ ಪಾಲಾಗುತ್ತಿತ್ತು. 12ನೇ ಶತಮಾನದಲ್ಲಿ ಬಿಜ್ಜಳನ ಕಾಲಕ್ಕೆ ಬಸವಣ್ಣ ಮತ್ತು ಶರಣರು ಅಲ್ಲೇ ಇದ್ದರು. ಅದನ್ನು ಕನ್ನಡಿಗರಿಗೆ ನಾವು ಹೇಳಬೇಕಾಗಿಲ್ಲ.

1347ರಲ್ಲಿ ಕಲಬುರಗಿಯಲ್ಲಿ ಶುರುವಾದ ಬಹಮನಿ ರಾಜ್ಯದ ರಾಜಧಾನಿಯನ್ನು 1420ರ ದಶಕದಲ್ಲಿ ಅಹಮದ್ ಶಾಹ ಬೀದರ್‌ಗೆ ಸಾಗಿಸಿದ. ಎತ್ತರ, ನೀರು, ಕಡಿಯಲು ಸುಲಭವಾದ ಕಲ್ಲು ಮೂರೂ ಇಲ್ಲಿದ್ದವು. ಕೋಟೆಯ ಮೂರು ಸಾಲಿನ ಕಂದಕವನ್ನು ನೋಡಿ: ಅದು ಕಟ್ಟಿದ್ದಲ್ಲ, ಕೆಂಪು ಕಲ್ಲಿನಲ್ಲೇ ಕೊರೆದದ್ದು. ಅಷ್ಟೂರಿನಲ್ಲಿರುವ ಈ ಅಹಮದ್ ಶಾಹನ ಗೋರಿಗೆ ಮುಸ್ಲಿಮರು ವಲಿ ಎಂದು ನಡೆದುಕೊಳ್ಳುತ್ತಾರೆ, ಲಿಂಗಾಯತರು ಅಲ್ಲಮಪ್ರಭು ಎಂದು. ಅಲ್ಲಿನ ಜಾತ್ರೆಗೆ ಚಾಲನೆ ಕೊಡುವವರು ಒಬ್ಬ ಜಂಗಮರು. ಇದರ ಫಾರ್ವರ್ಡ್ ನಮಗೆ ಒಮ್ಮೆಯೂ ಬಂದಿಲ್ಲ.

ಆ ಕಾಲದ ಬೀದರ್‌ಗೆ ದೂರದೂರದಿಂದ ಜನ ಬಂದರು. ವಾಸ್ಕೊ ಡ ಗಾಮ 1498ರಲ್ಲಿ ಕೇರಳಕ್ಕೆ ಬರುವ ಎರಡು ದಶಕಕ್ಕೂ ಮೊದಲೇ ರಷ್ಯಾದ ವ್ಯಾಪಾರಿ ಅಫನಾಸಿ ನಿಕಿಟಿನ್ ಇಲ್ಲಿ ಉಳಿದಿದ್ದ. ಅಮೀರರ ಮೆರವಣಿಗೆಯ ವೈಭವವನ್ನೂ ಹಳ್ಳಿಗರ ಬಡತನವನ್ನೂ ಅವನು ಒಟ್ಟಿಗೇ ಬರೆದಿಟ್ಟ. ಇರಾನಿನಿಂದ ಬಂದ ಮಹಮೂದ್ ಗಾವಾನ್ ಪ್ರಧಾನಿಯಾಗಿ 1472ರಲ್ಲಿ ಮೂರು ಅಂತಸ್ತಿನ ಮದರಸಾ ಕಟ್ಟಿಸಿದ. ಅದರ ನೀಲಿ ಹೆಂಚುಗಳ ಗುರುತು, ಉಳಿದ ಒಂದು ಮಿನಾರು ಇವತ್ತೂ ಪೇಟೆಯ ನಡುವೆ ಇವೆ. ಉಳಿದ ಭಾಗ 1696ರ ಸ್ಫೋಟದಲ್ಲಿ ಹಾಳಾಯಿತು.

ಗಾವಾನ್ ಸತ್ತ ರೀತಿಯನ್ನು ಇಂಥ ಜಾಲತಾಣದಲ್ಲಿ ಹೇಳದೆ ಬಿಡುವುದು ಹೇಗೆ? ಅವನ ವಿರೋಧಿಗಳು ಮೊಹರು ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಗಾವಾನನ ಮುದ್ರೆ ಒತ್ತಿಸಿದರು. ಅದರ ಮೇಲೆ, ಒಡಿಶಾದ ರಾಜನಿಗೆ ದಂಡೆತ್ತಿ ಬಾ ಎಂದು ಕರೆಯುವ ಪತ್ರ ಬರೆದರು. ಸುಲ್ತಾನ ಮೂರನೇ ಮುಹಮ್ಮದ್ ಶಾಹನಿಗೆ ಅದನ್ನು ತೋರಿಸಿದರು. ಮುದ್ರೆ ಅಸಲಿ, ಬರಹ ನಕಲಿ. ಗಾವಾನ್ ಅದನ್ನೇ ಹೇಳಿದ ಎಂದು ಫರಿಷ್ತಾ ಬರೆಯುತ್ತಾನೆ; ಸುಲ್ತಾನ ವಿಚಾರಿಸಲಿಲ್ಲ. 1481ರಲ್ಲಿ ಗಾವಾನನ ತಲೆ ಕಡಿಸಿದ. ಅದಾದ ಮೇಲೆ ರಾಜ್ಯ ಒಡೆದು ಐದು ಸುಲ್ತಾನಶಾಹಿಗಳಾದವು. ಬೀದರ್ ಬರೀದ್ ಶಾಹಿಗಳಿಗೆ, 1619ರಲ್ಲಿ ವಿಜಯಪುರಕ್ಕೆ, 1657ರಲ್ಲಿ ಔರಂಗಜೇಬನ ಕೈಗೆ, 1724ರ ನಂತರ ಹೈದರಾಬಾದಿನ ನಿಜಾಮರಿಗೆ ಹೋಯಿತು.

ಕೋಟೆಯ ಮಣ್ಣಿನ ‘ಮಂತ್ರ’

ಬಿದ್ರಿ ಕಲೆಯ ಬಗ್ಗೆ ಬರುವ ಸಂದೇಶಗಳು ಬಹುಪಾಲು ಸರಿ. ಸತುವಿಗೆ ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದು, ಮೇಲೆ ಕೊರೆದು, ಬೆಳ್ಳಿ ತಂತಿ ಕೂರಿಸುತ್ತಾರೆ. ಕೊನೆಗೆ ಕೋಟೆಯ ಹಳೆಯ ಭಾಗದ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಅದ್ದಿದರೆ ಪಾತ್ರೆ ಕಡುಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಕುಶಲಕರ್ಮಿಗಳು ಮಣ್ಣನ್ನು ನಾಲಿಗೆಗೆ ಇಟ್ಟು ಪರೀಕ್ಷಿಸುವುದೂ ನಿಜ. ತಪ್ಪಿರುವುದು ‘ಮಣ್ಣಿಗೆ ಅಲೌಕಿಕ ಶಕ್ತಿ’ ಎನ್ನುವಲ್ಲಿ. ಬಿಸಿಲು ಮಳೆ ತಾಗದ ಹಳೆಯ ಕಟ್ಟಡದ ಮಣ್ಣಿನಲ್ಲಿ ನೈಟ್ರೇಟ್ ಲವಣಗಳು ತೊಳೆದುಹೋಗದೆ ಉಳಿಯುತ್ತವೆ. ನಾಲಿಗೆ ಹುಡುಕುವುದು ಆ ರುಚಿಯನ್ನೇ. ಲವಣ ಮತ್ತು ನವಸಾಗರ ಸೇರಿ ಮೇಲ್ಮೈಯ ಸತುವನ್ನು ಕರಗಿಸುತ್ತವೆ, ತಾಮ್ರದ ಅಂಶವಿರುವ ತೆಳು ಕಪ್ಪು ಪದರ ಉಳಿಯುತ್ತದೆ. ಬೆಳ್ಳಿಗೆ ಈ ದ್ರಾವಣ ತಟ್ಟುವುದಿಲ್ಲ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ.

1948: ಎರಡು ಅರ್ಧಗಳು

ಪ್ರತಿ ಸೆಪ್ಟೆಂಬರ್ 17ರ ಆಸುಪಾಸು ಬರುವ ಸಂದೇಶಗಳನ್ನು ನಾವು ತುಂಬ ಎಚ್ಚರದಿಂದ ಓದಿದೆವು. 1947ರ ಆಗಸ್ಟ್‌ನಲ್ಲಿ ಉಳಿದ ದೇಶಕ್ಕೆ ಸ್ವಾತಂತ್ರ್ಯ ಬಂದರೂ ಬೀದರ್ ನಿಜಾಮನ ಕೈಯಲ್ಲೇ ಇತ್ತು. ರಜಾಕಾರರ ಹಿಂಸೆ ಕಟ್ಟುಕಥೆಯಲ್ಲ. 1948ರ ಮೇ ತಿಂಗಳಲ್ಲಿ ಗೋರ್ಟಾ ಹಳ್ಳಿಯಲ್ಲಿ ಹಿಂದೂಗಳ ಹತ್ಯಾಕಾಂಡ ನಡೆಯಿತು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಹೈದರಾಬಾದ್ ರಾಜ್ಯದೊಳಗೆ ಹೋಯಿತು. ಐದೇ ದಿನದಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು.

ಸಂದೇಶಗಳು ಇಲ್ಲಿಗೆ ನಿಲ್ಲುತ್ತವೆ. ಆಮೇಲಿನ ವಾರಗಳಲ್ಲಿ ಸಾಮಾನ್ಯ ಮುಸ್ಲಿಮರ ಮೇಲೆ ಸೇಡಿನ ದಾಳಿಗಳು ನಡೆದವು. ವಿಚಾರಿಸಲು ನೆಹರೂ ಸರ್ಕಾರ ಪಂಡಿತ್ ಸುಂದರಲಾಲ್ ಅವರ ತಂಡವನ್ನು ಕಳಿಸಿತು. ಇಡೀ ರಾಜ್ಯದಲ್ಲಿ 27ರಿಂದ 40 ಸಾವಿರ ಜನ ಸತ್ತಿರಬಹುದು ಎಂದು ಆ ತಂಡ ಅಂದಾಜಿಸಿತು. ಅತಿ ಹೆಚ್ಚು ನಲುಗಿದ ನಾಲ್ಕು ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲಬರ್ಗಾ, ನಾಂದೇಡ್ ಜೊತೆ ಬೀದರ್ ಹೆಸರನ್ನೂ ಬರೆಯಿತು. ವರದಿ ದಶಕಗಟ್ಟಲೆ ಪ್ರಕಟವಾಗಲಿಲ್ಲ. ಒಂದು ಗುಂಪಿನಲ್ಲಿ ಗೋರ್ಟಾ ಮಾತ್ರ ಇರುತ್ತದೆ, ಇನ್ನೊಂದು ಗುಂಪಿನಲ್ಲಿ ಸುಂದರಲಾಲ್ ಮಾತ್ರ. ಎರಡೂ ನಡೆದದ್ದು ಒಂದೇ ವರ್ಷ, ಒಂದೇ ಜಿಲ್ಲೆಯಲ್ಲಿ.

ಮೂರು ಪಾಲಾದ ಜಿಲ್ಲೆ

‘ಬೀದರ್ ಮಹಾರಾಷ್ಟ್ರದ್ದಾಗಿತ್ತು, ಕರ್ನಾಟಕ ಕಿತ್ತುಕೊಂಡಿತು’ ಮತ್ತು ‘ಉದ್ಗೀರ್ ನಮ್ಮದಾಗಿತ್ತು, ಅವರು ಕಿತ್ತುಕೊಂಡರು’ ಎರಡೂ ಸರಿಯಲ್ಲ. 1956ರವರೆಗೆ ಬೀದರ್ ಹೈದರಾಬಾದ್ ರಾಜ್ಯದ ಜಿಲ್ಲೆ. ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಆಡುವ ಜಿಲ್ಲೆ. ರಾಜ್ಯ ಪುನರ್ವಿಂಗಡಣಾ ಕಾಯ್ದೆಯ ಪ್ರಕಾರ 1956ರ ನವೆಂಬರ್ 1ರಂದು ಅದು ಮೂರು ಪಾಲಾಯಿತು. ಅಹಮದಪುರ, ನಿಲಂಗಾ, ಉದ್ಗೀರ್ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ. ನಾರಾಯಣಖೇಡ್ ಮತ್ತು ಜಹೀರಾಬಾದ್ ಆಂಧ್ರ ಪ್ರದೇಶಕ್ಕೆ. ಉಳಿದದ್ದು ಮೈಸೂರು ರಾಜ್ಯಕ್ಕೆ. ಗೆರೆ ಎಷ್ಟು ಸಣ್ಣದಾಗಿ ಎಳೆದಿದ್ದರೆಂದರೆ, ಜಹೀರಾಬಾದ್ ತಾಲ್ಲೂಕಿನಿಂದ ನಿರ್ಣಾ ಹೋಬಳಿಯನ್ನು ಬಿಡಿಸಿ ಈ ಕಡೆ ಉಳಿಸಿದರು, ಬೀದರ್ ತಾಲ್ಲೂಕಿನಿಂದ ನ್ಯಾಲಕಲ್ ಹೋಬಳಿಯನ್ನು ಬಿಡಿಸಿ ಆ ಕಡೆ ಕೊಟ್ಟರು. ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟ್‌ಗೆ ಒಯ್ದ ಗಡಿ ದಾವೆಯಲ್ಲಿ ಬೀದರ್ ಜಿಲ್ಲೆಯ ಹಳ್ಳಿಗಳೂ ಸೇರಿವೆ.

ಈ ಕಡೆ ಕನ್ನಡ ತಾನಾಗಿಯೇ ಉಳಿಯಲಿಲ್ಲ. ನಿಜಾಮನ ಕಾಲದಲ್ಲಿ ಶಾಲೆ ಎಂದರೆ ಉರ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡ್ ಹಾಕಿ ಒಳಗೆ ಕನ್ನಡ ಕಲಿಸಿದರು ಎಂದು ಜಿಲ್ಲೆಯಲ್ಲಿ ಇಂದಿಗೂ ನೆನೆಯುತ್ತಾರೆ. ಹಿಂದುಳಿದ ಭಾಗ ಎಂದು ಸಂವಿಧಾನದ 371ಜೆ ಅಡಿ ಓದು ಮತ್ತು ನೌಕರಿಯಲ್ಲಿ ಮೀಸಲಾತಿ ಸಿಗುವ ಹೊತ್ತಿಗೆ 2013 ಆಗಿತ್ತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಎಂಬ ಹೆಸರು ಕಲ್ಯಾಣ ಕರ್ನಾಟಕ ಎಂದಾಯಿತು.

ಹೆಸರು ಬದಲಾದರೂ ದಾರಿಗಳು ಹಾಗೇ ಇವೆ. ಔರಾದ್ ಕಡೆಯವರಿಗೆ ಉದ್ಗೀರ್ ಪೇಟೆ ಹತ್ತಿರ, ದೊಡ್ಡ ಕಾಯಿಲೆಗೆ ಹೈದರಾಬಾದ್, ಸರ್ಕಾರಿ ಫೈಲಿಗೆ ಬೆಂಗಳೂರು. ಒಂದೇ ಮನೆಯಲ್ಲಿ ಅತ್ತೆ ಮರಾಠಿ, ಸೊಸೆ ಕನ್ನಡ ಮಾತಾಡುವುದು ಅಲ್ಲಿ ಸುದ್ದಿಯೇ ಅಲ್ಲ.